ಬೇರೆಯವರು ನಿಮ್ಮ ಚೆಕ್ ಕ್ಯಾಶ್ ಮಾಡಿಕೊಂಡರೆ ಹೊಣೆ ಯಾರದು, ಹಣ ವಾಪಸ್ ಪಡೆಯುವುದು ಹೇಗೆ

ಗಂಜ್‌ನಲ್ಲಿ ತೊಗರಿ ಮಾರಿದ ಹಣ, ಜಮೀನಿನ ಪರಿಹಾರ, ಸ್ವಸಹಾಯ ಸಂಘದ ಸಾಲ: ಕಲಬುರಗಿ, ಬೀದರ್, ಯಾದಗಿರಿ ಕಡೆ ಇಂಥ ಮೊತ್ತಗಳು ಇಂದಿಗೂ ಚೆಕ್ಕಿನಲ್ಲಿ ಬರುವುದುಂಟು. ಅದನ್ನು ಯಾರೋ ನಿಮ್ಮ ಹೆಸರು ಹೇಳಿ, ಇಲ್ಲವೇ ನಿಮ್ಮ ಸಹಿ ಹಾಕಿ ಎತ್ತಿಕೊಂಡರೆ ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಪೊಲೀಸ್ ಕಂಪ್ಲೇಂಟ್ ಕೊಡಿ’ ಎಂಬುದು. ಕಂಪ್ಲೇಂಟ್ ಕೊಡಬೇಕು ನಿಜ, ಆದರೆ ಅಷ್ಟಕ್ಕೇ ವಾಪಸ್ ಬರಬೇಡಿ. ಕಳ್ಳ ಸಿಗುವುದು ಬೇರೆ, ಹಣ ಸಿಗುವುದು ಬೇರೆ. ಕಳ್ಳ ಎಂದೂ ಸಿಗದಿದ್ದರೂ ಬ್ಯಾಂಕೇ ಹಣ ತುಂಬಿಕೊಡಬೇಕಾದ ಸಂದರ್ಭಗಳು ಕಾನೂನಿನಲ್ಲಿವೆ. ಯಾವ ಬ್ಯಾಂಕು ತುಂಬಿಕೊಡಬೇಕು ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ಚೆಕ್ಕಿನಲ್ಲಿ ಸುಳ್ಳಾಗಿರುವುದು ಏನು?

ಚೆಕ್ಕಿನ ಎರಡೂ ಬದಿ ನೋಡದೆ ಮುಂದೆ ಹೋಗಬೇಡಿ

ಕ್ಲಿಯರಿಂಗ್‌ಗೆ, ಅಂದರೆ ಇನ್ನೊಂದು ಬ್ಯಾಂಕಿನಲ್ಲಿ ಜಮೆಗೆ ಹಾಕಿದ ಚೆಕ್ಕಿನ ಕಾಗದ ಈಗ ನಿಮ್ಮ ಬ್ಯಾಂಕಿಗೆ (ಚೆಕ್ಕು ಬರೆದವರ ಖಾತೆಯಿರುವ ಬ್ಯಾಂಕಿಗೆ) ಬರುವುದಿಲ್ಲ. ಹಾಕಿಸಿಕೊಂಡ ಬ್ಯಾಂಕಿನಲ್ಲೇ ಕಾಗದ ಉಳಿಯುತ್ತದೆ, ಅದರ ಚಿತ್ರ ಮಾತ್ರ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಶಾಖೆಗೆ ಹೋದಾಗ ಮುಂದಿನ ಮತ್ತು ಹಿಂದಿನ ಎರಡೂ ಬದಿಯ ಚಿತ್ರದ ದೃಢೀಕೃತ ಪ್ರತಿ ಕೇಳಿ. ಸ್ಟೇಟ್‌ಮೆಂಟಿನಲ್ಲಿ ಕಾಣುವ ಒಂದು ಸಾಲಿನಿಂದ ಏನೂ ತಿಳಿಯದು.

ಮುಂದಿನ ಬದಿಯಲ್ಲಿ ನೋಡಬೇಕಾದ್ದು: ಸಹಿ ನಿಮ್ಮದೇ? ಹೆಸರು, ಮೊತ್ತ, ತಾರೀಖು ತಿದ್ದಿದ ಗುರುತಿದೆಯೇ? ಎಡ ಮೂಲೆಯಲ್ಲಿ ಎರಡು ಗೆರೆ ಇದೆಯೇ, ಗೆರೆಗಳ ನಡುವೆ ‘ಅಕೌಂಟ್ ಪೇಯೀ’ ಎಂದಿದೆಯೇ? ಹೆಸರಿನ ಮುಂದೆ ಅಚ್ಚಾಗಿರುವ ‘ಬೇರರ್’ ಎಂಬ ಮಾತನ್ನು ಹೊಡೆದುಹಾಕಲಾಗಿದೆಯೇ? ಹಿಂದಿನ ಬದಿಯಲ್ಲಿ ಹಣ ಪಡೆದವನ ಸಹಿ, ಖಾತೆ ಸಂಖ್ಯೆ, ಫೋನ್ ನಂಬರ್ ಸಿಗಬಹುದು. ಕ್ಲಿಯರಿಂಗ್ ಚೆಕ್ಕಾದರೆ ಯಾವ ಬ್ಯಾಂಕಿನ ಯಾವ ಶಾಖೆ ಹಾಕಿಸಿಕೊಂಡಿತು ಎಂಬುದೂ ಗೊತ್ತಾಗುತ್ತದೆ. ಮುಂದಿನ ಇಡೀ ಹೋರಾಟ ಈ ಎರಡು ಚಿತ್ರಗಳ ಮೇಲೆ ನಡೆಯುತ್ತದೆ.

ಕೌಂಟರಿನಲ್ಲೇ ನಗದು ಕೊಟ್ಟಿದ್ದರೆ ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಎಂದು ಅದೇ ದಿನ ಬರೆದು ಕೊಡಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ. ತಡವಾಗಿ ಕೇಳಿದರೆ ‘ಸ್ಟೋರೇಜ್ ಇಲ್ಲ’ ಎಂಬ ಉತ್ತರ ಬರುತ್ತದೆ. ಬಾಯಿಮಾತಿನ ಕೋರಿಕೆಗೆ ಆಗ ಯಾವ ಪುರಾವೆಯೂ ಇರುವುದಿಲ್ಲ.

ಯಾವ ಸುಳ್ಳಿಗೆ ಯಾರು ಹೊಣೆ

ಇಲ್ಲಿ ಕೆಲಸ ಮಾಡುವುದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ವಕೀಲರ ಬಾಯಲ್ಲಿ ಎನ್‌ಐ ಆಕ್ಟ್. ಚೆಕ್ ಬೌನ್ಸಿನ ಸೆಕ್ಷನ್ 138 ಎಲ್ಲರಿಗೂ ಗೊತ್ತು. ಈ ವಿಷಯಕ್ಕೆ ಬೇಕಾದವು ಬೇರೆ ಸೆಕ್ಷನ್‌ಗಳು.

ಖಾತೆದಾರರ ಸಹಿಯೇ ಫೋರ್ಜರಿ ಆಗಿದ್ದರೆ ನಿಮ್ಮ ಪಕ್ಷ ಬಹಳ ಗಟ್ಟಿ. ಸಹಿ ನಿಮ್ಮದಲ್ಲ ಎಂದ ಮೇಲೆ ಹಣ ಕೊಡು ಎಂಬ ನಿಮ್ಮ ಆದೇಶವೇ ಇರಲಿಲ್ಲ. ಬ್ಯಾಂಕು ಕೊಟ್ಟದ್ದು ತನ್ನ ಹಣ, ಅದನ್ನು ನಿಮ್ಮ ಖಾತೆಗೆ ಖರ್ಚು ಹಾಕುವಂತಿಲ್ಲ. ‘ಸಹಿ ಹುಬೇಹೂಬ್ ಇತ್ತು, ನಮಗೆ ಗೊತ್ತಾಗಲಿಲ್ಲ’ ಎಂಬುದು ಉತ್ತರವಾಗುವುದಿಲ್ಲ. ‘ಪಾಸ್‌ಬುಕ್ ಸರಿಯಾಗಿ ನೋಡಿಕೊಳ್ಳದ್ದು ನಿಮ್ಮ ತಪ್ಪು’ ಎಂಬುದೂ ಅಲ್ಲ. 1987ರಲ್ಲಿ ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಕಂಪನಿಯ ಲೆಕ್ಕಿಗನೇ 42 ಚೆಕ್ಕುಗಳಿಗೆ ಫೋರ್ಜರಿ ಸಹಿ ಹಾಕಿ 3 ಲಕ್ಷಕ್ಕೂ ಮೀರಿ ಎತ್ತಿದ್ದ. ಸ್ಟೇಟ್‌ಮೆಂಟ್ ಪರಿಶೀಲಿಸದಿದ್ದ ಮಾತ್ರಕ್ಕೆ ಗ್ರಾಹಕ ಹಕ್ಕು ಕಳೆದುಕೊಳ್ಳುವುದಿಲ್ಲ, ಬ್ಯಾಂಕೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕೊಂದು ಗಡಿ ಇದೆ: ಫೋರ್ಜರಿ ಗೊತ್ತಾದ ಮೇಲೂ ಸುಮ್ಮನಿದ್ದರೆ ಆ ಮೌನ ನಿಮಗೇ ತಿರುಗುತ್ತದೆ. ಎತ್ತಿದವನು ಮಗನೋ ಅಳಿಯನೋ ಎಂದು ಗೊತ್ತಾಗಿ ಮರ್ಯಾದೆಗೆ ಅಂಜಿ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡರೆ ಆಮೇಲೆ ಬ್ಯಾಂಕನ್ನು ಕೇಳುವುದು ಕಷ್ಟ.

ಸಂಘ, ಟ್ರಸ್ಟ್, ಸ್ವಸಹಾಯ ಗುಂಪಿನ ಖಾತೆಗಳಲ್ಲಿ ಎರಡು ಸಹಿ ಬೇಕಿರುತ್ತದೆ. ಅಧ್ಯಕ್ಷರ ಸಹಿ ನಿಜ, ಕಾರ್ಯದರ್ಶಿಯ ಸಹಿ ಮಾತ್ರ ಸುಳ್ಳು ಎಂದಾದರೂ ಇದೇ ನ್ಯಾಯ. ಬಿಹ್ತಾ ಕಬ್ಬು ಬೆಳೆಗಾರರ ಸಹಕಾರ ಯೂನಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹಿಂದೆಯೇ ಹೇಳಿದೆ: ಎರಡರಲ್ಲಿ ಒಂದು ಸಹಿ ಸುಳ್ಳಾದರೂ ಆದೇಶ ಇಲ್ಲವೆಂದೇ ಅರ್ಥ.

ಸಹಿ ನಿಜವಾಗಿದ್ದು ಹಣ ಪಡೆದವನು ಸೋಗಿನವನಾಗಿದ್ದರೆ ವಿಷಯ ಸೂಕ್ಷ್ಮವಾಗುತ್ತದೆ. ಶರಣಪ್ಪ ಪಾಟೀಲರ ಹೆಸರಿಗೆ ಬರೆದ ಚೆಕ್ಕನ್ನು ಇನ್ನೊಬ್ಬ ಶರಣಪ್ಪ ಪಾಟೀಲ ಹಾಕಿಕೊಳ್ಳುವುದು ನಮ್ಮ ಕಡೆ ಕಲ್ಪನೆಯ ಮಾತಲ್ಲ, ಒಂದೇ ಊರಿನಲ್ಲಿ ಅದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ಇಲ್ಲಿ ಚೆಕ್ಕು ಯಾವ ಬಗೆಯದು ಎಂಬುದೇ ತೀರ್ಮಾನ ಮಾಡುತ್ತದೆ.

ಬೇರರ್ ಚೆಕ್ಕಾದರೆ ತಂದವನಿಗೆ ಹಣ. ಸೆಕ್ಷನ್ 85(2) ಬ್ಯಾಂಕಿಗೆ ರಕ್ಷಣೆ ಕೊಡುತ್ತದೆ, ನಷ್ಟ ಬಹುತೇಕ ನಿಮ್ಮದೇ. ಆದರೆ ಆ ರಕ್ಷಣೆ ಸಿಗಬೇಕಾದರೆ ಪಾವತಿ ಸೆಕ್ಷನ್ 10 ಹೇಳುವಂತೆ ಸದ್ಭಾವದಿಂದ, ನಿರ್ಲಕ್ಷ್ಯವಿಲ್ಲದೆ ಆಗಿರಬೇಕು. ತಂದವನಿಗೆ ಹಣ ಪಡೆಯುವ ಹಕ್ಕಿಲ್ಲ ಎಂದು ಅನುಮಾನಿಸಲು ಕಾರಣವಿರಬಾರದು. ಕೌಂಟರಿನಲ್ಲಿ ಅನುಮಾನ ಬರುವಂಥ ಸಂಗತಿ ಎದುರಿಗಿದ್ದೂ ಹಣ ಎಣಿಸಿ ಕೊಟ್ಟಿದ್ದರೆ ರಕ್ಷಣೆ ಕಳಚುತ್ತದೆ. ‘ಬೇರರ್’ ಹೊಡೆದುಹಾಕಿದ ಆರ್ಡರ್ ಚೆಕ್ಕಿನಲ್ಲಿ ಹಿಂದಿನ ಬದಿಯ ಎಂಡಾರ್ಸ್‌ಮೆಂಟ್ (ಹಣ ಪಡೆಯುವವನ ಸಹಿ) ಮೇಲ್ನೋಟಕ್ಕೆ ಸರಿಯಿದ್ದು ಪಾವತಿ ಇದೇ ರೀತಿ ಎಚ್ಚರದಿಂದ ಆಗಿದ್ದರೆ, ಆ ಎಂಡಾರ್ಸ್‌ಮೆಂಟ್ ಸುಳ್ಳಾಗಿದ್ದರೂ ಸೆಕ್ಷನ್ 85(1) ಬ್ಯಾಂಕನ್ನು ಕಾಯುತ್ತದೆ. ಖಾತೆದಾರನ ಸಹಿಗೆ ಈ ರಿಯಾಯಿತಿ ಇಲ್ಲ, ಹಣ ಪಡೆಯುವವನ ಸಹಿಗೆ ಮಾತ್ರ. ಈ ವ್ಯತ್ಯಾಸ ತಿಳಿಯದೆ ಬರೆದ ದೂರುಗಳು ದುರ್ಬಲವಾಗುತ್ತವೆ.

ಕ್ರಾಸ್ ಮಾಡಿದ, ಅಂದರೆ ಮೂಲೆಯಲ್ಲಿ ಎರಡು ಗೆರೆ ಎಳೆದ ಚೆಕ್ಕಿನಲ್ಲಿ ಎರಡು ದಾರಿ. ನಿಮ್ಮ ಬ್ಯಾಂಕೇ ಅದನ್ನು ಕೌಂಟರಿನಲ್ಲಿ ನಗದಾಗಿ ಕೊಟ್ಟುಬಿಟ್ಟಿದ್ದರೆ ಸೆಕ್ಷನ್ 129ರ ಪ್ರಕಾರ ನಿಜವಾದ ಒಡೆಯನಿಗೆ ಅದೇ ಬ್ಯಾಂಕು ಹೊಣೆ. ಇನ್ನೊಂದು ಬ್ಯಾಂಕಿನ ಖಾತೆಗೆ ಜಮೆಯಾಗಿ ಹೋಗಿದ್ದರೆ ನಿಮ್ಮ ಬ್ಯಾಂಕು ಸಾಮಾನ್ಯವಾಗಿ ಪಾರಾಗುತ್ತದೆ. ಬೊಟ್ಟು ಮಾಡಬೇಕಾದ್ದು ಚೆಕ್ಕನ್ನು ಹಾಕಿಸಿಕೊಂಡ ಬ್ಯಾಂಕಿನ ಕಡೆ. ಆ ಬ್ಯಾಂಕು ಸೆಕ್ಷನ್ 131ರ ಆಸರೆ ಕೇಳುತ್ತದೆ. ಸದ್ಭಾವದಿಂದ, ನಿರ್ಲಕ್ಷ್ಯವಿಲ್ಲದೆ ಹಾಕಿಸಿಕೊಂಡೆವು ಎಂದು ತೋರಿಸುವ ಭಾರ ಅದರ ಮೇಲೆಯೇ ಇದೆ. ಕೇರಳ ರಾಜ್ಯ ಸಹಕಾರ ಮಾರ್ಕೆಟಿಂಗ್ ಫೆಡರೇಷನ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಈ ತತ್ವಗಳನ್ನು ಸಾಲಾಗಿ ವಿವರಿಸಿದೆ. ನೀವು ಕೇಳಬೇಕಾದ ಪ್ರಶ್ನೆಗಳು ಇವು: ಆ ಖಾತೆ ಯಾವಾಗ ತೆರೆದದ್ದು? ಕೆವೈಸಿಗೆ ಏನು ತೆಗೆದುಕೊಂಡಿರಿ? ಚೆಕ್ಕಿನ ಮೇಲಿನ ಹೆಸರೂ ಖಾತೆಯ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ? ಖಾತೆ ತೆರೆದ ವಾರದಲ್ಲೇ ದೊಡ್ಡ ಚೆಕ್ಕು ಬಂದು ಮರುದಿನವೇ ಖಾಲಿಯಾದಾಗ ಯಾರೂ ಏಕೆ ಕೇಳಲಿಲ್ಲ? ಹೊಸ ಖಾತೆಗಳಿಗೆ ಬರುವ ಜಮೆಗಳ ಮೇಲೆ ಕಣ್ಣಿಡಿ ಎಂದು ಆರ್‌ಬಿಐ 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

‘ಅಕೌಂಟ್ ಪೇಯೀ’ ಚೆಕ್ಕನ್ನು ಬೇರೆ ಹೆಸರಿನ ಖಾತೆಗೆ ಹಾಕುವುದನ್ನು ಆರ್‌ಬಿಐ ನಿಷೇಧಿಸಿದೆ. ಒಂದು ವಿನಾಯಿತಿ ಮಾತ್ರ ನೆನಪಿಡಿ, ಏಕೆಂದರೆ ನಮ್ಮ ಭಾಗದಲ್ಲಿ ಪತ್ತಿನ ಸಹಕಾರ ಸಂಘಗಳು ಬಹಳ. ಸಂಘದ ಸದಸ್ಯರ ಹೆಸರಿನ 50,000 ರೂಪಾಯಿವರೆಗಿನ ಅಕೌಂಟ್ ಪೇಯೀ ಚೆಕ್ಕನ್ನು ಸಂಘದ ಬ್ಯಾಂಕ್ ಖಾತೆಗೆ ಹಾಕಿಸಲು ಅವಕಾಶವಿದೆ. ಅಂಥ ಸಂದರ್ಭದಲ್ಲಿ ಬ್ಯಾಂಕಿನ ಜೊತೆಗೆ ಸಂಘದ ಸದಸ್ಯತ್ವ ದಾಖಲೆ ಮತ್ತು ಜಮೆ ಪುಸ್ತಕವನ್ನೂ ಕೇಳಬೇಕು.

ಮೊತ್ತ ಅಥವಾ ಹೆಸರು ತಿದ್ದಿದ್ದರೆ ಕೇಳುವುದು ಒಂದೇ: ತಿದ್ದಿದ್ದು ಕಣ್ಣಿಗೆ ಕಾಣುತ್ತಿತ್ತೇ? ಕಾಣುತ್ತಿರಲಿಲ್ಲ ಎಂದಾದರೆ ಸೆಕ್ಷನ್ 89 ಬ್ಯಾಂಕಿನ ಪರ. ಕಾಣುತ್ತಿತ್ತು ಎಂದಾದರೆ ನಿಮ್ಮ ಪರ. ಕ್ಲಿಯರಿಂಗ್ ಚೆಕ್ಕಿನಲ್ಲಿ ತಾರೀಖಿನ ನವೀಕರಣ ಬಿಟ್ಟು ಬೇರೆ ಯಾವ ತಿದ್ದುಪಡಿಯನ್ನೂ, ಪಕ್ಕದಲ್ಲಿ ಸಹಿ ಇದ್ದರೂ, ಒಪ್ಪುವಂತಿಲ್ಲ. ಹಾಗಾಗಿ ತಿದ್ದಿದ ಚೆಕ್ಕು ಪಾಸಾಗಿದ್ದರೆ ಅದೇ ನಿಮ್ಮ ಮೊದಲ ಅಂಶ. 2 ಲಕ್ಷ ಮೀರಿದ ಚೆಕ್ಕುಗಳನ್ನು ನೇರಳಾತೀತ ದೀಪದಡಿ ನೋಡಬೇಕು, 5 ಲಕ್ಷ ಮೀರಿದವನ್ನು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಪರಿಶೀಲಿಸಬೇಕು ಎಂಬ ಸೂಚನೆಯೂ 2014ರದ್ದೇ. ಪಾಲಿಸಿದಿರಾ ಎಂದು ಕೇಳಿ.

ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟಿದ್ದರೆ ಬ್ಯಾಂಕಿನಿಂದ ಹಣ ಸಿಗುವ ಆಸೆ ಬಹಳ ಕಡಿಮೆ. ಗೊಬ್ಬರದ ಅಂಗಡಿಗೆ, ಅಡತಿಗೆ, ಖಾಸಗಿ ಸಾಲಕ್ಕೆ ಭದ್ರತೆಯೆಂದು ಖಾಲಿ ಚೆಕ್ಕು ಕೊಡುವ ರೂಢಿ ಇಲ್ಲಿ ಎಷ್ಟು ಬೇರೂರಿದೆಯೆಂದರೆ ಕೊಡದವರನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದರೂ ಕೊಡಬೇಡಿ. ಸಹಿ ಹಾಕಿ ಕೊಟ್ಟ ಅಪೂರ್ಣ ಚೆಕ್ಕನ್ನು ತುಂಬಿಕೊಳ್ಳುವ ಅಧಿಕಾರ ಮೇಲ್ನೋಟಕ್ಕೆ ಪಡೆದವನಿಗಿದೆ ಎಂದು ಸೆಕ್ಷನ್ 20 ಹೇಳುತ್ತದೆ. ಜಗಳ ನಿಮ್ಮ ಮತ್ತು ಅವನ ನಡುವೆ ಉಳಿಯುತ್ತದೆ.

ಇನ್ನೊಂದು ಸಂಗತಿ ಹಳ್ಳಿಯ ಖಾತೆದಾರರಿಗೆ ಮುಖ್ಯ. ಪಾಸ್‌ಬುಕ್ ಜೊತೆ ಕೊಡುವ ವಿತ್‌ಡ್ರಾವಲ್ ಫಾರ್ಮ್ ಚೆಕ್ ಅಲ್ಲ. ಆದ್ದರಿಂದ ಚೆಕ್ಕಿಗೆ ಸಿಗುವ ಸೆಕ್ಷನ್ 85ರ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಹೆಬ್ಬೆಟ್ಟಿನ ಖಾತೆಯಿಂದ ಬೇರೆಯವರು ಹಣ ತೆಗೆದಿದ್ದರೆ ಫಾರ್ಮಿನ ಪ್ರತಿ ತೆಗೆದುಕೊಂಡು, ಹೆಬ್ಬೆಟ್ಟು ಯಾರ ಎದುರು ಒತ್ತಿದ್ದು, ಗುರುತಿಸಿದವರು ಯಾರು, ಫೋಟೋ ಹೋಲಿಸಿದರೇ ಎಂದು ಲಿಖಿತವಾಗಿ ಕೇಳಿ. ಬ್ಯಾಂಕ್ ಅಥವಾ ಅಂಚೆ ಕಚೇರಿಯ ನೌಕರನೇ ಶಾಮೀಲಾಗಿದ್ದರೆ ‘ಅದು ಅವನ ವೈಯಕ್ತಿಕ ತಪ್ಪು’ ಎಂದು ಸಂಸ್ಥೆ ಕೈ ತೊಳೆದುಕೊಳ್ಳುವಂತಿಲ್ಲ. ಕಿಸಾನ್ ವಿಕಾಸ್ ಪತ್ರಗಳ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅಂಚೆ ಇಲಾಖೆಯನ್ನು ಹೀಗೆಯೇ ಹೊಣೆ ಮಾಡಿದೆ.

ಚೆಕ್ಕು ಅಂಚೆಯಲ್ಲಿ ಕಳೆದುಹೋಗಿ ಬೇರೆಯವರ ಕೈ ಸೇರಿದರೆ, ಕಳಿಸಿದವರದೋ ಪಡೆಯಬೇಕಾದವರದೋ ನಷ್ಟ? ಅಂಚೆಯಲ್ಲೇ ಕಳಿಸಿ ಎಂದು ಪಡೆಯುವವರು ಕೇಳಿದ್ದರೆ ಅಂಚೆಗೆ ಹಾಕಿದ ಕ್ಷಣಕ್ಕೆ ಚೆಕ್ಕು ಅವರದಾಯಿತು ಎಂದು 1954ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ. ಯಾರೂ ಕೇಳದೆ ತಾವಾಗಿ ಕಳಿಸಿದ್ದರೆ ಕಳಿಸಿದವರದೇ. ಆದ್ದರಿಂದ ‘ಪೋಸ್ಟ್ ಮಾಡಿ’ ಎಂದ ವಾಟ್ಸ್ಆ್ಯಪ್ ಸಂದೇಶವನ್ನೂ ಅಳಿಸಬೇಡಿ.

ಗೊತ್ತಾದ ದಿನ ಮಾಡಬೇಕಾದ್ದು

ಚೆಕ್ಕು ಇನ್ನೂ ಪಾಸಾಗಿಲ್ಲ ಎಂದಾದರೆ ಮೊದಲು ಸ್ಟಾಪ್ ಪೇಮೆಂಟ್, ಅಂದರೆ ಹಣ ಕೊಡಬೇಡಿ ಎಂಬ ಸೂಚನೆ. ಆ್ಯಪ್‌ನಲ್ಲಿ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಶಾಖೆಗೂ ಬರೆದು ಕೊಡಿ. ಸ್ವೀಕೃತಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತಿದೆ. ಹಗಲಿನ ನಿಗದಿತ ವೇಳೆಯೊಳಗೆ ಕ್ಲಿಯರಿಂಗ್‌ಗೆ ಹೋದ ಚೆಕ್ಕಿಗೆ ಅದೇ ಸಂಜೆ 7ರೊಳಗೆ ಹೂಂ ಅಥವಾ ಇಲ್ಲ ಎನ್ನಬೇಕು. ‘ನಾಳೆ ಹೋಗಿ ಹೇಳಿದರಾಯಿತು’ ಎಂಬ ಕಾಲ ಮುಗಿಯಿತು. ಸ್ಟಾಪ್ ಕೊಟ್ಟ ಮೇಲೂ ಪಾಸಾದರೆ ಬ್ಯಾಂಕೇ ಹೊಣೆ. ಆಗ ಆ ಗಂಟೆಯ ಗುರುತೇ ನಿಮ್ಮ ಆಧಾರ.

ಹಣ ಹೋಗಿಬಿಟ್ಟಿದ್ದರೆ ಶಾಖೆಗೆ ಪತ್ರ ಹೀಗಿರಲಿ:

‘ಶಾಖಾ ವ್ಯವಸ್ಥಾಪಕರಿಗೆ. ನನ್ನ ಖಾತೆ ಸಂಖ್ಯೆ ……ರಿಂದ ದಿನಾಂಕ …… ರಂದು ಚೆಕ್ ಸಂಖ್ಯೆ …… ಮೂಲಕ ರೂ. …… ಪಾವತಿಯಾಗಿದೆ. ಈ ಚೆಕ್ಕಿನ ಮೇಲಿನ ಸಹಿ ನನ್ನದಲ್ಲ. ಪಾವತಿಗೆ ನನ್ನ ಆದೇಶವಿರಲಿಲ್ಲ. ದಿನಾಂಕ …… ರಂದು ಎಸ್‌ಎಂಎಸ್ / ಪಾಸ್‌ಬುಕ್ ಮೂಲಕ ನನಗೆ ಇದು ತಿಳಿಯಿತು. ಚೆಕ್ಕಿನ ಎರಡೂ ಬದಿಯ ದೃಢೀಕೃತ ಪ್ರತಿ ಕೊಡಬೇಕು. ಮೂಲ ಚೆಕ್ಕು, ನನ್ನ ಮಾದರಿ ಸಹಿಯ ಕಾರ್ಡು, ಕೌಂಟರಿನ ಸಿಸಿಟಿವಿ ದೃಶ್ಯಗಳನ್ನು ಕಾಯ್ದಿಡಬೇಕು. ಹಣ ಪಡೆದ ಬ್ಯಾಂಕಿಗೆ ತಕ್ಷಣ ತಿಳಿಸಿ ಉಳಿದ ಮೊತ್ತವನ್ನು ತಡೆಹಿಡಿಸಬೇಕು. ಪೂರ್ಣ ಮೊತ್ತವನ್ನು ಪಾವತಿಯಾದ ದಿನದಿಂದ ಬಡ್ಡಿ ಸಹಿತ ನನ್ನ ಖಾತೆಗೆ ಮರುಜಮೆ ಮಾಡಬೇಕು.’

ಸಹಿ ನಿಜವಿದ್ದು ಹೆಸರು ಅಥವಾ ಮೊತ್ತ ತಿದ್ದಿದ್ದರೆ ಆ ಸಾಲನ್ನು ಬದಲಿಸಿ, ನೀವು ಬರೆದದ್ದೇನು, ಈಗ ಇರುವುದೇನು ಎಂದು ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಚೆಕ್ ಬುಕ್ ಎಲ್ಲಿತ್ತು ಎಂದು ಕೇಳಿದರೆ ನಿಜ ಹೇಳಿ. ಆದರೆ ‘ನನ್ನ ನಿರ್ಲಕ್ಷ್ಯದಿಂದ’ ಎಂಬಂಥ ತೀರ್ಪಿನ ಮಾತನ್ನು, ಯಾರು ಹೇಳಿ ಬರೆಸಿದರೂ, ಬರೆಯಬೇಡಿ. ಅದೇ ಸಾಲನ್ನು ಮುಂದೆ ನಿಮ್ಮ ವಿರುದ್ಧ ಓದುತ್ತಾರೆ. ಕ್ರಾಸ್ ಚೆಕ್ಕು ಬೇರೆ ಬ್ಯಾಂಕಿನಲ್ಲಿ ಜಮೆಯಾಗಿದ್ದರೆ ಇನ್ನೊಂದು ಪ್ರತಿ ಆ ಬ್ಯಾಂಕಿಗೂ ನೇರವಾಗಿ ಹೋಗಲಿ. ‘ನೀವು ನಮ್ಮ ಗ್ರಾಹಕರಲ್ಲ’ ಎನ್ನಬಹುದು. ನಿಜವಾದ ಒಡೆಯನಿಗೆ ಅವರ ಹೊಣೆ ಗ್ರಾಹಕನೆಂಬ ಕಾರಣಕ್ಕೆ ಬಂದದ್ದಲ್ಲ.

ಪೊಲೀಸ್ ದೂರು ಅದೇ ದಿನ. 2024ರ ಜುಲೈ 1ರಿಂದ ಈಚಿನ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 318 (ವಂಚನೆ), 319 (ಸೋಗು ಹಾಕಿ ವಂಚನೆ), 336 ಮತ್ತು 338 (ಫೋರ್ಜರಿ), 340 (ಫೋರ್ಜರಿ ದಾಖಲೆಯ ಬಳಕೆ) ಅನ್ವಯಿಸುತ್ತವೆ. ಹಣ ಹೋದ ಖಾತೆಯನ್ನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 106ರಡಿ ಫ್ರೀಜ್ ಮಾಡಿಸಿ ಎಂದು ದೂರಿನಲ್ಲೇ ಕೇಳಿ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎಂದು ಕಳಿಸಿದರೆ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ, ಕಲಬುರಗಿ ನಗರದವರಾದರೆ ಪೊಲೀಸ್ ಕಮಿಷನರ್‌ಗೆ ಕಳಿಸಿ. ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಒಂದು ಗೊಂದಲ ಬಗೆಹರಿಸಿಕೊಳ್ಳಿ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂಬ 2017ರ ಆರ್‌ಬಿಐ ನಿಯಮ ಕಾರ್ಡು, ನೆಟ್‌ಬ್ಯಾಂಕಿಂಗ್, ಯುಪಿಐನಂಥ ಎಲೆಕ್ಟ್ರಾನಿಕ್ ವಹಿವಾಟುಗಳಿಗೆ ಮಾತ್ರ. ಚೆಕ್ಕಿಗೆ ಅದನ್ನು ಹಿಡಿದು ವಾದಿಸಬೇಡಿ, ನಿಮ್ಮ ಆಧಾರ ಎನ್‌ಐ ಆಕ್ಟ್.

ಬ್ಯಾಂಕು ಕೊಡುವುದಿಲ್ಲ ಎಂದರೆ

30 ದಿನ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಿ. ಫೀಸು ಇಲ್ಲ. ಸಹಾಯವಾಣಿ 14448. ಬ್ಯಾಂಕು ಆರ್‌ಬಿಐ ನಿಯಮ ಮುರಿದದ್ದು ದಾಖಲೆಯಲ್ಲೇ ಕಾಣುವಾಗ, ಅಂದರೆ ಅಕೌಂಟ್ ಪೇಯೀ ಚೆಕ್ಕು ಬೇರೆ ಹೆಸರಿಗೆ ಹೋದದ್ದು, ತಿದ್ದಿದ ಚೆಕ್ಕು ಪಾಸಾದದ್ದು, ಸ್ಟಾಪ್ ಮೀರಿ ಪಾವತಿಯಾದದ್ದು, ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಹಿ ಯಾರದು ಎಂಬ ಸಾಕ್ಷ್ಯದ ಜಗಳಕ್ಕೆ ಅಷ್ಟು ಹೊಂದುವುದಿಲ್ಲ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಆದರೆ ಇಲ್ಲಿ ಕಾಲಿಡುವ ಮುನ್ನ 2023ರ ಸಿಟಿ ಯೂನಿಯನ್ ಬ್ಯಾಂಕ್ ತೀರ್ಪು ಗಮನಿಸಿ. ಒಂದೇ ಹೆಸರಿನ ಬೇರೆ ಖಾತೆಗೆ ಡಿಡಿ ಜಮೆಯಾದ ಪ್ರಕರಣ ಅದು. ವಂಚನೆ, ಮೋಸದಂಥ ಆರೋಪಗಳನ್ನು ಆಯೋಗದ ಸಂಕ್ಷಿಪ್ತ ವಿಚಾರಣೆಯಲ್ಲಿ ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ದೂರಿನ ತೂಕ ಕಳ್ಳನ ಮೋಸದ ಮೇಲಲ್ಲ, ಬ್ಯಾಂಕಿನ ಸೇವಾ ನ್ಯೂನತೆಯ ಮೇಲೆ ಬೀಳುವಂತೆ ಬರೆಸಿ. ದಾಲ್ ಮಿಲ್ಲು, ಅಡತಿ ಅಂಗಡಿಯ ಕರೆಂಟ್ ಅಕೌಂಟ್ ಆದರೆ ‘ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಖಂಡಿತ ಬರುತ್ತದೆ. ದೊಡ್ಡ ಮೊತ್ತ, ಸಹಿಯ ತಜ್ಞ ಪರೀಕ್ಷೆ ಬೇಕಾದ ಪ್ರಕರಣಗಳಿಗೆ ಸಿವಿಲ್ ದಾವೆಯೇ ಸರಿಯಾದ ಜಾಗ. ಮೂರು ವರ್ಷದ ಗಡುವು ಮೀರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಫೋನ್ 15100.

ಸಹಿಯ ಹೋಲಿಕೆಗೆ ಆ ಘಟನೆಯ ಆಸುಪಾಸಿನ ದಿನಗಳಲ್ಲಿ ನೀವು ಹಾಕಿದ ಸಹಿಗಳು ಬೇಕು. ಪಾಸಾದ ಹಳೆಯ ಚೆಕ್ಕುಗಳ ಚಿತ್ರ, ನೋಂದಣಿ ಪತ್ರ, ಸಂಘದ ನಡಾವಳಿ ಪುಸ್ತಕ ಕೂಡಿಸಿಡಿ. ದೂರು ಕೊಟ್ಟ ಮೇಲೆ ಸಹಿಯ ಶೈಲಿ ಬದಲಿಸಲು ಹೋಗಬೇಡಿ.

ಚೆಕ್ಕು ಬರೆಯುವಾಗಲೇ ಮುಚ್ಚಬೇಕಾದ ಬಾಗಿಲುಗಳು

‘ಬೇರರ್’ ಹೊಡೆದುಹಾಕಿ, ಎರಡು ಗೆರೆ ಎಳೆದು ನಡುವೆ ‘ಅಕೌಂಟ್ ಪೇಯೀ’ ಬರೆಯಿರಿ. ಹೆಸರಿನ ಸಾಲಿನಲ್ಲಿ ಹೆಸರಿನ ಪಕ್ಕದಲ್ಲೇ ಖಾತೆ ಸಂಖ್ಯೆಯನ್ನೂ ಬರೆದರೆ ಇನ್ನೊಬ್ಬ ಶರಣಪ್ಪ ಪಾಟೀಲನ ಖಾತೆಗೆ ಅದು ಹೋಗುವ ದಾರಿ ಮುಚ್ಚುತ್ತದೆ. ಹೆಸರು, ಅಕ್ಷರದ ಮೊತ್ತ, ಅಂಕಿಯ ಮೊತ್ತ ಮೂರೂ ಎಡ ಅಂಚಿನಿಂದಲೇ ಶುರುವಾಗಲಿ, ಉಳಿದ ಜಾಗಕ್ಕೆ ಗೆರೆ.

ಪೆನ್ನು ನಿಮ್ಮದೇ ಇರಲಿ. ಸಾಲ ಕೊಡಿಸುತ್ತೇನೆಂದು ಬರುವ ಏಜೆಂಟ್ ಕ್ಯಾನ್ಸಲ್ ಮಾಡಿದ ಚೆಕ್ಕು ಕೇಳುತ್ತಾನೆ, ‘ಕ್ಯಾನ್ಸಲ್’ ಎಂದು ತನ್ನ ಪೆನ್ನಿನಿಂದ ತಾನೇ ಬರೆಯುತ್ತಾನೆ, ಸಹಿ ನಿಮ್ಮ ಪೆನ್ನಿನಿಂದ ಹಾಕಿಸುತ್ತಾನೆ. ಅವನ ಪೆನ್ನಿನ ಶಾಯಿ ಕಾವು ತಗುಲಿದರೆ ಮಾಯ. ಉಳಿಯುವುದು ನಿಮ್ಮ ಸಹಿಯ ಖಾಲಿ ಚೆಕ್ಕು. ಕ್ಯಾನ್ಸಲ್ ಚೆಕ್ಕಿಗೆ ಸಹಿ ಬೇಕಿಲ್ಲ. ನೀವೇ ಬರೆದು, ಅಚ್ಚಾದ ಚೆಕ್ ಸಂಖ್ಯೆಯ ಪಟ್ಟಿಯ ಮೇಲೂ ಗೆರೆ ಎಳೆದು ಕೊಡಿ.

50,000 ರೂಪಾಯಿ ಮತ್ತು ಅದಕ್ಕೆ ಮೇಲಿನ ಚೆಕ್ಕುಗಳಿಗೆ 2021ರ ಜನವರಿ 1ರಿಂದ ಪಾಸಿಟಿವ್ ಪೇ ಇದೆ. ಚೆಕ್ ಸಂಖ್ಯೆ, ತಾರೀಖು, ಹೆಸರು, ಮೊತ್ತವನ್ನು ಆ್ಯಪ್‌ನಲ್ಲೋ ಶಾಖೆಯಲ್ಲೋ ಮೊದಲೇ ತಿಳಿಸಿಬಿಟ್ಟರೆ ತಿದ್ದಿದ ಚೆಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. 5 ಲಕ್ಷ ಮತ್ತು ಮೇಲಿನವಕ್ಕೆ ಬ್ಯಾಂಕು ಇದನ್ನು ಕಡ್ಡಾಯ ಮಾಡಬಹುದು. ಪಾಸಿಟಿವ್ ಪೇಯಲ್ಲಿ ನಮೂದಾದ ಚೆಕ್ಕಿಗೆ ಮಾತ್ರ ಕ್ಲಿಯರಿಂಗ್‌ನ ವಿವಾದ ಪರಿಹಾರ ವ್ಯವಸ್ಥೆಯ ಅನುಕೂಲ ಸಿಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ನಿಮಗೆ ಬಂದ ಚೆಕ್ಕನ್ನು ಡ್ರಾಪ್ ಬಾಕ್ಸಿಗೇ ಹಾಕಬೇಕೆಂದಿಲ್ಲ. ಕೌಂಟರಿನಲ್ಲಿ ಕೊಟ್ಟು ಸೀಲು ಹಾಕಿದ ರಸೀದಿ ಕೇಳಿದರೆ ಇಲ್ಲ ಎನ್ನುವಂತಿಲ್ಲ, ಇದು ಆರ್‌ಬಿಐ ಸೂಚನೆ. ಕಳೆದ ಚೆಕ್ಕಿಗೆ ಬದಲಿ ಚೆಕ್ಕು ಕೇಳುವ ಹಕ್ಕನ್ನು ಸೆಕ್ಷನ್ 45ಎ ಕೊಟ್ಟಿದೆ, ಕೊಟ್ಟವರು ಕೇಳಿದರೆ ಭದ್ರತೆ ಬರೆದುಕೊಡಬೇಕಾಗುತ್ತದೆ.

ಮೊಬೈಲ್ ನಂಬರ್ ಬದಲಾದರೆ ಬ್ಯಾಂಕಿನಲ್ಲೂ ಅದೇ ವಾರ ಬದಲಿಸಿ. ಚೆಕ್ಕು ಕ್ಲಿಯರಿಂಗ್‌ಗೆ ಬಂದಾಗ ಬರುವ ಎಸ್‌ಎಂಎಸ್ ಹಳೆಯ ನಂಬರಿಗೆ ಹೋಗುತ್ತಿದ್ದರೆ ಸಂಜೆ 7ರೊಳಗೆ ತಡೆಯುವ ಅವಕಾಶ ತಪ್ಪುತ್ತದೆ. ವಯಸ್ಸಾದವರ ಕೈ ನಡುಗಿ ಸಹಿ ಬದಲಾಗಿದ್ದರೆ ಮಾದರಿ ಸಹಿಯನ್ನೂ ಹೊಸದಾಗಿ ಕೊಡಿ. 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ವಿಲೀನವಾದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಚೆಕ್ ಬುಕ್ಕುಗಳು ಈ ಭಾಗದ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಬಿದ್ದಿರುತ್ತವೆ. ಅವು ಪಾಸಾಗುವುದಿಲ್ಲ ನಿಜ, ಆದರೆ ಸಹಿ ಹಾಕಿದ ಹಾಳೆ ಇದ್ದರೆ ಯಾರಾದರೂ ಅದನ್ನು ಹಾಕಿ ಬೌನ್ಸ್ ಮಾಡಿಸಿ ಸೆಕ್ಷನ್ 138ರ ನೋಟಿಸ್ ಕಳಿಸಬಹುದು. ಅಂಥ ನೋಟಿಸ್ ಬಂದರೆ, ಚೆಕ್ಕು ನಿಮ್ಮ ಕೈ ತಪ್ಪಿದ್ದು, ಸಹಿ ಫೋರ್ಜರಿ ಎಂಬ ಯಾವ ಸಂಗತಿಯೇ ಇರಲಿ, 15 ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಿ, ಜೊತೆಗೆ ಪೊಲೀಸ್ ದೂರಿನ ಪ್ರತಿಯನ್ನೂ ಲಗತ್ತಿಸಿ.